ಎಳ್ಳಮಾವಾಸ್ಯೆಯ ಕೋರಂ

ಜೋಳದ ಹೊಲದಲ್ಲಿ ಯಾವತ್ತಾದರೂ ಓಡಿದ್ದೀರಾ? ಬೇಡ ಬಿಡಿ.

ಗರಿಯ ಅಂಚು ಮುಖ ಕೊಯ್ಯುತ್ತದೆ. ಎರೆ ಮಣ್ಣಿನ ಬಿರುಕು ಕಾಲು ಹಿಡಿಯುತ್ತದೆ. ಅದರಲ್ಲೂ ಐವತ್ತರ ಹತ್ತಿರದ ಹೆಂಗಸು, ಮೈಮೇಲೆ ಹಬ್ಬದ ಸೀರೆ, ಬೆನ್ನ ಹಿಂದೆ ಒಬ್ಬ ಪೈಲ್ವಾನ... ಪರಿಸ್ಥಿತಿ ಅಷ್ಟೇನೂ ಚೆನ್ನಾಗಿರಲಿಲ್ಲ.

"ನಿಂಬೆವ್ವಕ್ಕಾ, ನಿಲ್ರಿ. ಓಡಿ ಬಿದ್ರ ಸಾಹೇಬ್ರು ನನಗ ಬೈತಾರ."

ಅವನು ಗುರುಶಾಂತ. ಯಡ್ರಾಮಿಯ ಗರಡಿಯಲ್ಲಿ ಬೆಳೆದವನು. ಕುತ್ತಿಗೆ ಇರಬೇಕಾದ ಕಡೆಯೂ ಭುಜವೇ ಇರುವ ಆಳು. ಬೆದರಿಸುವಾಗಲೂ 'ರಿ' ಬಿಡುವುದಿಲ್ಲ, ಮರ್ಯಾದೆ ನೋಡಿ!

"ನಿನ್ನ ಸಾಹೇಬ್ರಿಗೆ ಹೇಳು, ನನಗ ಇವತ್ತು ಟೈಮ್ ಇಲ್ಲ."

"ಟೈಮ್ ಇಲ್ಲದವ್ರು ಕಿಟಕಿ ಹಾರಿ ಬರ್ತಾರೇನ್ರಿ?"

ಕಿಟಕಿಯ ವಿಷಯ ನಿಜ. ಅದಕ್ಕೂ ಮೊದಲಿನದನ್ನು ಹೇಳುತ್ತೇನೆ, ಚಹಾ ಕುಡಿಯುತ್ತ ಕೇಳಿ.

ನಾನು ನಿಂಬೆವ್ವ. ಮೊದಲು ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಹೋಮ್ ಗಾರ್ಡ್ ಆಗಿದ್ದೆ. ಈಗ ಜನರ ಕೆಲಸ ಮಾಡಿಸಿಕೊಡುತ್ತೇನೆ. ಆಳಂದದಲ್ಲಿ ಹೆಂಡತಿ ಬಿಟ್ಟು ಓಡಿಹೋದ ಗಂಡ, ಅಫಜಲಪುರದಲ್ಲಿ ಮಾಯವಾದ ಟ್ರ್ಯಾಕ್ಟರ್ ಟ್ರಾಲಿ... ಎರಡನ್ನೂ ಹುಡುಕಿಕೊಟ್ಟಿದ್ದೇನೆ. ಟ್ರಾಲಿ ಸಿಕ್ಕಿದ್ದಕ್ಕೆ ಜನ ಹೆಚ್ಚು ಖುಷಿಪಟ್ಟರು.

ಈ ಸಲ ಕೆಲಸ ಕೊಟ್ಟವಳು ಸಂಘಮಿತ್ರಾ. ಯಡ್ರಾಮಿ ರಸ್ತೆಯ ಮೇಲಿನ ಒಂದು ಊರಿನ ಪಂಚಾಯತಿ ಮೆಂಬರ್. ಊರಿನ ಹೆಸರು ಹೇಳುವುದಿಲ್ಲ, ಆಮೇಲೆ ಹೋಗಿ ಊಟ ಕೇಳುತ್ತೀರಿ.

ಸಂಘಮಿತ್ರಾ ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಆಡಿದವಳು. ಈಗ ಊರಿನ ಹುಡುಗಿಯರಿಗೆ ಕಲಿಸುತ್ತಾಳೆ. ಎಲ್ಲಿ? ಡಾಂಬರು ರಸ್ತೆಯ ಪಕ್ಕ, ವೈನ್ ಶಾಪಿನ ಎದುರು. ಕುಡಿದವರು ಸಾಲಾಗಿ ನಿಂತು ಕಾಮೆಂಟ್ರಿ ಹೇಳುತ್ತಾರೆ. ಕೊನೆಗೆ ಅಪ್ಪ ಅಮ್ಮಂದಿರು ಸಾಕೆಂದರು. ಸಂಕ್ರಾಂತಿಯೊಳಗೆ ಕಂಪೌಂಡ್ ಇರುವ ಗ್ರೌಂಡಿನ ಮಾತು ಪಕ್ಕಾ ಆಗಬೇಕು. ಇಲ್ಲದಿದ್ದರೆ ಆಟ ಬಂದ್.

ಗ್ರೌಂಡ್ ಸಿಗುವ ದಾರಿ ಒಂದೇ ಇತ್ತು. ಅದು ಶಿವಪ್ರಕಾಶನ ಲೇಔಟ್.

ಶಿವಪ್ರಕಾಶ ಡೆವಲಪರ್. ಊರ ಅಂಚಿನ ಹೊಲ ಕೊಂಡು ಸೈಟ್ ಮಾಡುತ್ತಿದ್ದ. ಪರ್ಮಿಷನ್ ಕೊಡುವಾಗ ಪಂಚಾಯತಿ ಒಂದು ಕರಾರು ಹಾಕಿತ್ತು. ಊರಿನ ಆಟಕ್ಕೋ ಕೂಟಕ್ಕೋ ಒಂದು ಕೆಲಸ ಅವನ ಖರ್ಚಿನಲ್ಲಿ ಆಗಬೇಕು. ಯಾವ ಕೆಲಸ ಅನ್ನುವುದನ್ನು ಊರೇ ಸಭೆ ಸೇರಿ ತೀರ್ಮಾನಿಸಬೇಕು. ಸಭೆಗೆ ಹೊತ್ತು ಮುಳುಗುವುದರೊಳಗೆ ಊರಿನ ನೂರು ವೋಟರ್‌ಗಳು ಬರಬೇಕು, ಅದು ಕೋರಂ. ಎರಡು ಸಭೆ ಜನ ಇಲ್ಲದೆ ಮುರಿದವು. ಮೂರನೆಯದೂ ಮುರಿದರೆ ತೀರ್ಮಾನ ಡೆವಲಪರನದು. ಅವನಿಗೆ ಬೇಕಿದ್ದದ್ದು ಲೇಔಟಿನ ಗೇಟಿನೊಳಗೆ ಒಂದು ಕ್ಲಬ್ ಹೌಸ್. ಸೈಟ್ ಕೊಂಡವರಿಗೆ ಮಾತ್ರ ಪ್ರವೇಶ!

ಮೂರನೆಯ ಸಭೆಯ ತಾರೀಖು ಆರಿಸಿದವನು ಅವನೇ. ಎಳ್ಳಮಾವಾಸ್ಯೆ. ಆ ದಿನ ನಮ್ಮ ಕಡೆ ಊರಲ್ಲಿ ನಾಯಿಯೂ ಇರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಅನ್ನ, ಅಂದರೆ ಚರಗ ಚೆಲ್ಲಿ, ಹೊತ್ತು ಇಳಿಯುವ ತನಕ ಅಲ್ಲೇ ಉಂಡು ಮಲಗುತ್ತಾರೆ.

"ಅಕ್ಕಾ, ಹೊಲ ಹೊಲ ತಿರುಗಿ ಜನಾನ ಕರ್ಕೊಂಡು ಬರ್ರಿ," ಅಂದಿದ್ದಳು ಸಂಘಮಿತ್ರಾ. "ಇವತ್ತು ತಪ್ಪಿದ್ರ ನನ್ನ ಹುಡುಗ್ಯಾರು ಮನಿ ಸೇರ್ತಾರ."

ನೋಡಿ, ನಾನು ಸುಲಭಕ್ಕೆ ಕರಗುವವಳಲ್ಲ. ಆದರೆ ಅವಳ ದನಿ ಕೇಳಿ ಒಪ್ಪಿಕೊಂಡು ಸ್ಕೂಟಿ ಹತ್ತಿದೆ.

ಮೊದಲು ಲೇಔಟಿಗೆ ಹೋದೆ, ಜಾಗ ನೋಡೋಣವೆಂದು. ಅದೇ ನನ್ನ ತಪ್ಪು.

ಶಾಮಿಯಾನ ಹಾಕಿದ್ದರು. ಖಾಲಿ ಕುರ್ಚಿ. ಬಾಗಿಲಲ್ಲಿ ಬ್ಯಾನರ್: 'ಸರ್ವರಿಗೂ ಆದರದ ಸ್ವಾಗತ'. ಯಾರೂ ಬರುವುದಿಲ್ಲವೆಂದು ಖಾತ್ರಿ ಇದ್ದಾಗ ಎಷ್ಟು ದೊಡ್ಡ ಬ್ಯಾನರ್ ಬೇಕಾದರೂ ಹಾಕಬಹುದು. ಶಿವಪ್ರಕಾಶ ಬಿಳಿ ಅಂಗಿಯಲ್ಲಿ ನಗುತ್ತ ಬಂದ.

"ಅಕ್ಕಾರ, ಬರ್ರಿ, ಆಫೀಸ್ ನೋಡ್ರಿ."

ಗಾಡಿ ನೆರಳಿಗೆ ಹಾಕಿಸುತ್ತೇನೆಂದು ನನ್ನ ಸ್ಕೂಟಿಯ ಕೀಲಿ ಇಸಿದುಕೊಂಡ. ಒಳಗೆ ಹೋದೆ. ಹಿಂದೆ ಚಿಲಕ ಬಿತ್ತು; ನಾನು ಜನ ಕರೆಯಲು ಬಂದವಳೆಂಬ ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು.

"ಸಭಾ ಮುಗಿಯೋತನಕ ಆರಾಮ ಕುಂದ್ರಿ," ಹೊರಗಿನಿಂದ ಅವನ ದನಿ. "ಫ್ಯಾನ್ ಅದ. ಫಿಕರ್ ಮಾಡಬ್ಯಾಡ್ರಿ. ಗುರುಶಾಂತಾ, ಇಲ್ಲೇ ನಿಂದ್ರು."

ಗೋಡೆಯ ಮೇಲೆ ಕ್ಲಬ್ ಹೌಸಿನ ಪೋಸ್ಟರ್. ನೀಲಿ ಸ್ವಿಮ್ಮಿಂಗ್ ಪೂಲ್, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ ಮಲಗಿದ ಫಾರಿನ್ ದಂಪತಿ. ನಳದಲ್ಲಿ ನೀರು ಬಂದರೆ ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳುವ ಊರು ಇದು!

ಮಧ್ಯಾಹ್ನವಾಯಿತು. ಸುತ್ತಲಿನ ಹೊಲಗಳಿಂದ ಭಜ್ಜಿಯ ವಾಸನೆ ಬರತೊಡಗಿತು. ಅವರೆ, ತೊಗರಿ, ಕಡಲೆ, ಸೊಪ್ಪು ಎಲ್ಲ ಸೇರಿಸಿ ಹುಳಿ ಹಾಕಿ ಕುದಿಸುವ ಭಜ್ಜಿ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಕರ್ತವ್ಯಪ್ರಜ್ಞೆ ಒಂದು ಕಡೆ ಇರಲಿ, ನಿಜ ಹೇಳುತ್ತೇನೆ, ನನ್ನನ್ನು ಎಬ್ಬಿಸಿದ್ದು ಆ ವಾಸನೆ.

ಕಿಟಕಿ ನೋಡಿದೆ. ಗ್ರಿಲ್ ಇರಲಿಲ್ಲ. ಆ ಲೇಔಟಿನ ರಸ್ತೆ, ಚರಂಡಿ, ಬೀದಿ ದೀಪಗಳಂತೆ ಗ್ರಿಲ್ ಕೂಡ ಇನ್ನೂ ಬ್ರೋಷರ್‌ನಲ್ಲೇ ಇತ್ತು.

ಹಾರಿದೆ. ಓಡಿದೆ. ಗುರುಶಾಂತ ಹಿಂದೆ ಬಿದ್ದ.

ಈಗ ಜೋಳದ ಹೊಲಕ್ಕೆ ವಾಪಸ್ ಬನ್ನಿ.

ಜೋಳ ಮುಗಿಯಿತು. ಮುಂದೆ ಬದು, ಬದುವಿನಾಚೆ ಬೇವಿನ ಮರ, ಕೆಳಗೆ ಗುಡಾರದಂತೆ ಕಟ್ಟಿದ ಸೀರೆ. ಹತ್ತಿಪ್ಪತ್ತು ಜನ ಉಣ್ಣುತ್ತಿದ್ದರು. ಬದುವಿಗೆ ಎಡವಿ ನೇರ ಅವರ ನಡುವೆ ಬಿದ್ದೆ. ಗುರುಶಾಂತ ನನ್ನ ಸೆರಗಿಗೆ ಕೈ ಹಾಕಿದ.

"ಯಾರಲೇ ಅವ? ಕೈ ತೆಗಿ."

ಗುರುಶಾಂತ ಕೈ ತೆಗೆದ. ಹೇಳಿದವಳು ಕಸ್ತೂರಿಬಾಯಿ. ಎಪ್ಪತ್ತರ ಮುದುಕಿ, ಕೈಯಲ್ಲಿ ಸೌಟು. ಶಿವಪ್ರಕಾಶನ ಲೇಔಟ್ ಮೊದಲು ಅವಳ ಗಂಡನ ಹೊಲವಾಗಿತ್ತು, ಉಳಿದದ್ದು ಈ ಪಟ್ಟಿ ಮಾತ್ರ.

"ಜಗಳ ಆಮ್ಯಾಗ. ಮೊದಲ ಕುಂದ್ರಿ, ಉಣ್ರಿ. ಎಳ್ಳಮಾಸಿ ದಿನ ಉಣ್ಣಲಾರ್ದ ಹೊಲ ದಾಟಬಾರ್ದು."

"ಯವ್ವಾ, ನಾ ಡ್ಯೂಟಿ ಮ್ಯಾಲ ಅದೇನಿ," ಅಂದ ಗುರುಶಾಂತ.

"ನಿನ್ನ ಸಾಹೇಬ ಊಟಾ ಹಾಕ್ಯಾನೇನು?"

ಅವನ ಕಣ್ಣು ಭಜ್ಜಿಯ ಗಡಿಗೆಯ ಕಡೆ ಹೋಯಿತು. ಆಮೇಲೆ ಮೆಲ್ಲಗೆ ಹೇಳಿದ. "ಮುಂಜಾನಿ ಒಂದು ಚಹಾ ರಿ."

"ಅಯ್ಯ, ಇಷ್ಟ್ ದೊಡ್ಡ ಶರೀರಕ್ಕ ಒಂದ್ ಚಹಾ?" ಮುದುಕಿಗೆ ನಿಜಕ್ಕೂ ನೋವಾಯಿತು.

ಪೈಲ್ವಾನ ಚಪ್ಪಲಿ ಬಿಟ್ಟು ಕೂತ. ನಾನು ಪಕ್ಕದಲ್ಲಿ ಕೂತೆ. ಹತ್ತು ಹೆಜ್ಜೆ ಹಿಂದೆ ನನ್ನನ್ನು ಹೊತ್ತೊಯ್ಯಲು ಬಂದವನು ಈಗ ನನ್ನ ಕಡೆ ಸಜ್ಜೆ ರೊಟ್ಟಿ ಸರಿಸಿ, "ಗಟ್ಟಿ ಆಗ್ಯದ, ಭಜ್ಜಿಯೊಳಗ ಅದ್ದಿ ತಿನ್ರಿ," ಅಂದ.

ಉಣ್ಣುತ್ತಲೇ ಸಭೆಯ ಮಾತು ತೆಗೆದೆ. ಯಾರೂ ತಲೆ ಎತ್ತಲಿಲ್ಲ.

"ಹಬ್ಬದ ದಿನ ಎಂಥಾ ಮೀಟಿಂಗ್ರಿ," ಅಂದರು ಒಬ್ಬರು. "ಮೀಟಿಂಗ್‌ದಾಗ ಏನ್ ಆಗ್ತದ, ಮೀಟಿಂಗ್ ಆಗ್ತದ," ಅಂದರು ಇನ್ನೊಬ್ಬರು.

ಕಸ್ತೂರಿಬಾಯಿಯ ಮೊಮ್ಮಗಳು ಶಾಂಭವಿ ಸಂಘಮಿತ್ರಾಳ ಟೀಮಿನ ರೈಡರ್. ಅವಳು ಅಜ್ಜಿಯ ಮುಖ ನೋಡಿದಳು. ಕೈಯಲ್ಲಿದ್ದ ಹೋಳಿಗೆ ಹಾಗೇ ಉಳಿದಿತ್ತು.

ಹೊತ್ತು ಇಳಿಯುತ್ತಿತ್ತು. ಹೊಲ ಹೊಲ ತಿರುಗಿ ಕಾಲು ಹಿಡಿದರೂ ಈ ಜನ ಮೀಟಿಂಗಿಗೆ ಬರುವವರಲ್ಲ ಅನ್ನುವುದು ಆಗ ನನಗೆ ಗೊತ್ತಾಯಿತು. ಜೊತೆಗೆ ಇನ್ನೊಂದು ವಿಷಯವೂ ಹೊಳೆಯಿತು.

"ಕಸ್ತೂರಿಬಾಯಾರ," ಅಂದೆ. "ಅಲ್ಲಿ ನಿಮ್ಮ ಹಳೇ ಹೊಲದಾಗ ಶಿವಪ್ರಕಾಶಪ್ಪ ಕುಂತಾನ. ಸಭಾ ನಡೆಸಾಕ ಬಂದ ಪಂಚಾಯತಿ ಪಿಡಿಒ ಮೇಡಂ ಅದಾರ. ಸಂಘಮಿತ್ರಾ ಅದಾಳ. ಯಾರೂ ಉಂಡಿಲ್ಲ."

ಸೌಟು ನಿಂತಿತು.

"ಹಬ್ಬದ ದಿನ? ಆ ಹೊಲದಾಗ?"

"ಉಪಾಸ."

ಗುರುಶಾಂತ ನನ್ನನ್ನು ನೋಡಿದ. ಬಾಯಿ ತುಂಬ ಕಡುಬು ಇತ್ತು. ಅವನಿಗೆ ಎಲ್ಲ ಅರ್ಥವಾಗಿತ್ತು, ಅನುಮಾನವಿಲ್ಲ. ಕಡುಬು ನುಂಗಿ ಅವನೇ ಹೇಳಿದ.

"ಖರೇ ಯವ್ವಾ. ಸಾಹೇಬ್ರೂ ಚಹಾದ ಮ್ಯಾಲೇ ಅದಾರ."

ಆಮೇಲಿನದನ್ನು ನಾನು ಮಾಡಲಿಲ್ಲ. ಕಸ್ತೂರಿಬಾಯಿ ಬದುವಿನ ಮೇಲೆ ನಿಂತು ಪಕ್ಕದ ಹೊಲಕ್ಕೆ ಕೂಗಿದಳು. ಆ ಹೊಲದವರು ಅದರಾಚೆಗೆ ಕೂಗಿದರು. ಬುಟ್ಟಿಗಳು ತಲೆ ಏರಿದವು. ಟ್ರ್ಯಾಕ್ಟರ್, ಟಂಟಂ ಆಟೊ, ಎರಡು ಎತ್ತಿನ ಬಂಡಿ... ಎಲ್ಲ ಲೇಔಟಿನ ಕಡೆ! ಮೀಟಿಂಗಿಗೆ ಒಬ್ಬರೂ ಏಳದ ಊರು ಹಸಿದವರಿಗೆ ಬಡಿಸಲು ತಾನಾಗಿಯೇ ಎದ್ದಿತ್ತು.

ಶಿವಪ್ರಕಾಶ ಶಾಮಿಯಾನದ ಬಾಗಿಲಿಗೆ ಬಂದ. ನಗು ಮುಖದ ಮೇಲೇ ಇತ್ತು, ಆದರೆ ಸ್ವಲ್ಪ ವಾಲಿತ್ತು.

"ಏನಿದು? ಯಾರು ಕರೆದ್ರು ಇವ್ರನ್ನ?"

ನಾನು ಬ್ಯಾನರ್ ತೋರಿಸಿದೆ.

ಕುರ್ಚಿಗಳನ್ನು ಸರಿಸಿ ಜನ ನೆಲಕ್ಕೆ ಸಾಲಾಗಿ ಕೂತರು. ಈ ಹಬ್ಬಕ್ಕೆ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಒಬ್ಬ ಅಜ್ಜಿ ಸುಣ್ಣ ಬಳಿದ ಸೈಟಿನ ಕಲ್ಲುಗಳಲ್ಲಿ ಐದಕ್ಕೆ ಕುಂಕುಮ ಹಚ್ಚಿ ಕೈ ಮುಗಿದೂಬಿಟ್ಟಳು.

ಕಸ್ತೂರಿಬಾಯಿ ಶಿವಪ್ರಕಾಶನ ಮುಂದೆ ಎಲೆ ಹಾಕಿದಳು.

"ಈ ನೆಲ ನಮ್ಮ ಯಜಮಾನ್ರದಿತ್ತು ತಮ್ಮಾ. ಮಾರೀವಿ, ಅದ್ಕ ದುಃಖ ಇಲ್ಲ. ಆದ್ರ ಎಳ್ಳಮಾಸಿ ದಿನ ಇದರ ಮ್ಯಾಲ ಯಾರೂ ಉಪಾಸ ಇರಬಾರ್ದು. ಕುಂದ್ರು."

ಅವನೂ ಜೇವರ್ಗಿಯ ಮಣ್ಣಿನವನೇ. ಹಾಕಿದ ಎಲೆ ಬೇಡ ಅನ್ನುವಂತಿರಲಿಲ್ಲ. ಬಿಳಿ ಪ್ಯಾಂಟಿನಲ್ಲಿ ಪಂಕ್ತಿಯ ನಡುವೆ ಕೂತ.

ಪಿಡಿಒ ಮೇಡಂ ಸಾಲು ಹಿಡಿದು, ನಿಂತವರನ್ನೂ ಬಡಿಸುವವರನ್ನೂ ಸೇರಿಸಿ ಎಣಿಸತೊಡಗಿದರು. ಸೂರ್ಯ ಜೋಳದ ತೆನೆಗೆ ತಾಗಿದ್ದ. ಸಂಘಮಿತ್ರಾ ಕಂಬ ಹಿಡಿದು ನಿಂತಿದ್ದಳು.

"ತೊಂಬತ್ತೊಂಬತ್ತು," ಅಂದರು ಮೇಡಂ.

ಎಲ್ಲರೂ ಅಕ್ಕಪಕ್ಕದ ಎಲೆ ಎಣಿಸತೊಡಗಿದರು.

ಗುರುಶಾಂತ ಕೈ ಎತ್ತಿದ. "ನಾ ಅದೇನ್ರಿ."

"ನಿಮ್ದು ಯಾವ ಊರು?"

"ಯಡ್ರಾಮಿ."

"ಕೈ ಇಳಸ್ರಿ."

ನಾನು ಜೇವರ್ಗಿಯವಳು, ಲೆಕ್ಕಕ್ಕಿಲ್ಲ. ಇನ್ನೊಬ್ಬರು ಎಲ್ಲಿ? ಪಂಕ್ತಿಯ ಮೇಲೆ ಕಣ್ಣು ಓಡಿಸಿದೆ. ಬಿಳಿ ಅಂಗಿಯ ಹತ್ತಿರ ನಿಂತಿತು.

"ಮೇಡಂ, ಸಾಹೇಬ್ರನ್ನ ಎಣಿಸಿದ್ರೇನ್ರಿ? ಹೋದ ಪಂಚಾಯತಿ ಎಲೆಕ್ಷನ್‌ಗೆ ನಿಂದ್ರಾಕ ಇದೇ ಊರಿನ ವೋಟರ್ ಆಗ್ಯಾರ."

ಶಿವಪ್ರಕಾಶ ತಲೆ ಎತ್ತಿದ. ಆ ಎಲೆಕ್ಷನ್‌ನಲ್ಲಿ ಅವನ ಡಿಪಾಸಿಟ್ ಹೋಗಿತ್ತು. ವೋಟು ಮಾತ್ರ ಈ ಊರಲ್ಲೇ ಉಳಿದಿತ್ತು. ಅವನು ಏಳಲು ನೋಡಿದ. ಎದ್ದು ಹೋದರೆ ಕೋರಂ ಇಲ್ಲ, ಆಟ ಅವನದು.

"ಏ ತಮ್ಮಾ," ಅಂದಳು ಕಸ್ತೂರಿಬಾಯಿ, ಸೌಟು ಹಿಡಿದೇ. "ಪಂಗತಿ ಮುಗಿಯೋದ್ರೊಳಗ ನಡುವ ಏಳ್ತಾರೇನು? ಉಣ್ಣೋರ್ನ ಬಿಟ್ಟು ಎದ್ದು ಹೋಗ್ತಾರೇನು?"

ಸಾಲಿನಲ್ಲಿದ್ದವರೆಲ್ಲ ತುತ್ತು ನಿಲ್ಲಿಸಿ ಅವನನ್ನು ನೋಡಿದರು. ಅವನು ಅರ್ಧ ಎದ್ದ ಮೊಣಕಾಲನ್ನು ಮಡಿಸಿ ಮತ್ತೆ ಕೂತ. ಮುದುಕಿ ಅವನ ಎಲೆಗೆ ಶೇಂಗಾ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.

"ನೂರು," ಅಂದರು ಮೇಡಂ. "ಕೋರಂ ಆಯ್ತು. ಹುಡುಗ್ಯಾರಿಗೆ ಕಂಪೌಂಡ್ ಇರೋ ಗ್ರೌಂಡ್ ಬೇಕಂಬೋರು ಕೈ ಎತ್ರಿ. ಎಡಗೈ ಆದ್ರೂ ನಡೀತದ."

ಎಡಗೈಗಳು ಎದ್ದವು. ಸಾಲು ಸಾಲು. ಸಂಘಮಿತ್ರಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಕಣ್ಣು ಒದ್ದೆಯಾಯಿತು, ಮೆಣಸಿನಕಾಯಿ ಅಂತ ಹೇಳಿದೆ. ಶಾಂಭವಿ ಆಗಲೇ ಉಳಿದ ಸುಣ್ಣ ತಂದು ಖಾಲಿ ಸೈಟುಗಳ ಮೇಲೆ ಗೆರೆ ಹಾಕುತ್ತಿದ್ದಳು. ಗೆರೆ ನೇರ ಬರಲೆಂದು ಗುರುಶಾಂತ ಹಗ್ಗದ ಇನ್ನೊಂದು ತುದಿ ಹಿಡಿದಿದ್ದ.

ಜನ ಕರಗಿದ ಮೇಲೆ ಶಿವಪ್ರಕಾಶ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದ. ನನ್ನ ಸ್ಕೂಟಿಯ ಕೀಲಿ ವಾಪಸ್ ಕೊಟ್ಟ.

"ನಿಂಬೆವ್ವಕ್ಕಾ, ನಿಮ್ಮನ್ನ ಕೂಡಿಹಾಕಿದ್ದು ನನ್ನ ತಪ್ಪು ರಿ."

"ಕೂಡಿಹಾಕಿದ್ದಕ್ಕ ಬ್ಯಾಸರ ಇಲ್ರಿ ಸಾಹೇಬ್ರ," ಅಂದೆ, ಗಾಡಿ ಚಾಲೂ ಮಾಡುತ್ತ. "ಎರಡು ರೊಟ್ಟಿ, ಒಂದಿಷ್ಟು ಭಜ್ಜಿ ಒಳಗ ಕೊಟ್ಟಿದ್ರ, ನಾ ಇನ್ನೂ ಅಲ್ಲೇ ಇರ್ತಿದ್ದೆ."