ಡ್ರೈವಿಗಿಟ್ಟ ಹೆಸರು

ಬಹಳ ಬಹಳ ಹಿಂದೆ... ಅಂದರೆ ಇವತ್ತು ಬೆಳಿಗ್ಗೆ ಹತ್ತೂವರೆಗೆ, ನಮ್ಮ ಬೀದಿಯ ಸ್ಟುಡಿಯೋ ಅಂಗಡಿಯಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಬೆರಳು ಮೌಸ್ ಮೇಲಿತ್ತು. ಬಾಣ, ಡ್ರೈವಿನಲ್ಲಿದ್ದದ್ದನ್ನೆಲ್ಲ ಅಳಿಸುವ ‘ಫಾರ್ಮ್ಯಾಟ್’ ಮೇಲಿತ್ತು.

ಹಾರಿ ಮಣಿಕಟ್ಟು ಹಿಡಿದೆ!

ಕೆಟ್ಟ ಕಂಪ್ಯೂಟರುಗಳಿಗೆ ನಾನೇ ಕೊನೆಯ ಗತಿ. ಬೀದಿಯಲ್ಲಿ ಎಲ್ಲರಿಗೂ ಅಕ್ಕ. ಅಜ್ಜಿ ಹೇಳುತ್ತಿದ್ದ ಕತೆಗಳ ರಾಕ್ಷಸರು ಪ್ರಾಣವನ್ನು ಗಿಳಿಯಲ್ಲಿ ಬಚ್ಚಿಡುತ್ತಿದ್ದರು. ಇವನ ಪ್ರಾಣ ಅಂಗೈಯಗಲದ ಡ್ರೈವಿನಲ್ಲಿತ್ತು. ನಲವತ್ತೊಂದು ಮದುವೆಗಳ ಫೋಟೋ.

“ಬ್ಯಾಕಪ್ ಇದೆಯಾ?”

“ಇದೆ ಅಕ್ಕಾ. ಬ್ಯಾಕಪ್ ಅಂತಲೇ ಫೋಲ್ಡರ್ ಮಾಡಿದೀನಿ.”

“ಎಲ್ಲಿ?”

“ಇದರಲ್ಲೇ.”

ಮೌಸನ್ನು ನನ್ನ ಕಡೆಗೆ ಎಳೆದುಕೊಂಡೆ.

ಅವನ ಸಂಕಟ ಇಷ್ಟು. ನಾಲ್ಕು ಗಂಟೆಗೆ ವಧುವಿನ ಕಡೆಯವರು ಬರುತ್ತಾರೆ. ಒಂಬತ್ತು ಜಿಬಿಯ ಮದುವೆ ಸಿನಿಮಾವನ್ನು ಈ ಡ್ರೈವನ್ನೇ ಟಿವಿಗೆ ಹಾಕಿ ತೋರಿಸಬೇಕು. ಅರ್ಧ ಜಾಗ ಖಾಲಿ. ಆದರೂ ಫೈಲ್ ಒಳಗೆ ಹೋಗದು. ಹೋಗುವುದಾದರೂ ಹೇಗೆ? ಡ್ರೈವ್ ಹಳೆಯ ಫ್ಯಾಟ್-32 ಪದ್ಧತಿಯದು. ನಾಲ್ಕು ಜಿಬಿ ಮೀರಿದ ಒಂದೇ ಫೈಲನ್ನು ಅದು ಹೊಸ್ತಿಲಲ್ಲೇ ತಡೆಯುತ್ತದೆ. ಎನ್‌ಟಿಎಫ್‌ಎಸ್‌ ಎಂಬ ಹೊಸ ಪದ್ಧತಿಗೆ ಬದಲಾಯಿಸಬೇಕು. ಅದಕ್ಕೆ ಏನನ್ನೂ ಅಳಿಸಬೇಕಿಲ್ಲ, ‘ಕನ್ವರ್ಟ್’ ಎಂಬ ಕಮ್ಯಾಂಡ್ ಸಾಕು. ಸಾಮಾನು ಅದೇ, ಕಪಾಟು ಬೇರೆ. ಆದರೆ ನಡುವೆ ಕರೆಂಟು ಕೈಕೊಟ್ಟರೆ... ನಲವತ್ತೊಂದು ಮದುವೆಯೂ ಮಣ್ಣುಪಾಲು. ಹಾಗಾಗಿ ಮೊದಲು ಇನ್ನೊಂದು ಡ್ರೈವಿಗೆ ನಕಲು. ಒಂದೂ ಫೋಟೋ ಕಳೆಯದೆ ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟೆ.

ಇನ್ನೊಂದು ಡ್ರೈವ್ ಇದ್ದದ್ದು ಅಂಗಡಿಯ ಮೇಲೆ, ಮೂರನೇ ಮಹಡಿಯ ಮನೆಯಲ್ಲಿ. ಅವನ ಅತ್ತೆಯ ಬಳಿ. ಅದರಲ್ಲಿ ಮುಕ್ಕಾಲು ಪಾಲು ಧಾರಾವಾಹಿ, ಉಳಿದ ಜಾಗ ನಮಗೆ ಸಾಕು.

ಓಡಿದೆವು. ಅರವತ್ತು ಮೆಟ್ಟಿಲು! ಅವರು ಡ್ರೈವನ್ನು ಸೆರಗಿನಡಿ ಹಿಡಿದು ನಮ್ಮ ಜೊತೆ ತಾವೂ ಇಳಿದು ಬಂದರು.

“ಒಂದು ಎಪಿಸೋಡ್ ಅಳಿಸಿಹೋದ್ರೂ, ಅಳಿಯಂದಿರೇ, ಈ ಮನೇಲಿ ನಿಮಗೆ ಜಾಗ ಇರಲ್ಲ.”

ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳುವವರಿಗೇ ನಾನು ಹೆದರುವುದು.

ನಕಲಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಹತ್ತಾರು ಫೋಟೋ ತೆರೆದು ನೋಡಿದೆ. ಎಲ್ಲ ಸರಿ. ಹಳೆಯ ಡ್ರೈವಿನಲ್ಲಿ ದೋಷವಿದೆಯೇ ಎಂದು ಪರೀಕ್ಷಿಸಿದೆ. ಇಲ್ಲ. ಕಮ್ಯಾಂಡ್ ಒತ್ತಿದೆ.

ಕಂಪ್ಯೂಟರ್ ತಡೆಯಿತು. ಬದಲಾಯಿಸುವ ಮೊದಲು ಡ್ರೈವಿನ ಈಗಿನ ಹೆಸರು ಹೇಳಿ ಅಂದಿತು. ತಪ್ಪು ಡ್ರೈವಿಗೆ ಕೈ ಹಾಕದಿರಲೆಂದು ಅದರ ಪದ್ಧತಿ.

“ಹೆಸರು?”

ಅವನು ನೆಲ ನೋಡಿದ. ಅತ್ತೆ ಅವನನ್ನು ನೋಡಿದರು.

ಹೆಸರು ನನಗೆ ಆಗಲೇ ಗೊತ್ತಿತ್ತು, ಡ್ರೈವ್ ತೆರೆದಾಗಲೇ ಕಂಡಿದ್ದೆ. ಆದರೂ ಕೇಳಿದೆ. ನನಗೂ ಮನರಂಜನೆ ಬೇಕಲ್ಲ!

“ಜೋರಾಗಿ ಹೇಳಪ್ಪಾ.”

“...ಅತ್ತೆ.”

ಅವರು ಪರದೆಯತ್ತ ಬಗ್ಗಿದರು.

“ಯಾಕೆ ಆ ಹೆಸರು?” ಅತ್ತೆ ಕೇಳಿದರು.

ಅವನ ಹಣೆಯಲ್ಲಿ ಬೆವರು. “ಒಳಗೆ ಹೋದದ್ದನ್ನ... ಒಂದೂ ಮರೆಯಲ್ಲ ಅಂತ.”

ಅತ್ತೆ ತುಸು ಯೋಚಿಸಿದರು. ಆಮೇಲೆ ಕುರ್ಚಿ ಎಳೆದು ಪ್ಲಗ್ಗಿನ ಮುಂದೆ ಕುಳಿತರು. ಇನ್ನು ಆ ಸ್ವಿಚ್ಚನ್ನು ಯಾರು ಮುಟ್ಟಿಯಾರು?

ಹೆಸರು ಟೈಪಿಸಿದೆ. ಸಾಲುಗಳು ಓಡಿದವು. ನಿಂತವು. ಮುಗಿಯಿತು. ಎಣಿಸಿದೆ, ನಲವತ್ತೊಂದು ಮದುವೆಯೂ ಭದ್ರ. ಸಿನಿಮಾ ಎಳೆದು ಹಾಕಿದೆ. ಈ ಸಲ ಡ್ರೈವ್ ತಕರಾರಿಲ್ಲದೆ ನುಂಗಿತು. ನಾಲ್ಕಕ್ಕೆ ಇನ್ನೂ ಎಂಟು ನಿಮಿಷ.

ಹೆಸರು ಬದಲಾಯಿಸಿಬಿಡಲೇ ಎಂದು ಅವನು ಪಿಸುಗುಟ್ಟಿದ.

“ಇರಲಿ ಬಿಡಿ,” ಅಂದರು ಅತ್ತೆ. “ಅಂಗಡಿ ಯಾರ ಹೆಸರಲ್ಲಿ ನಡೀತಿದೆ ಅಂತ ಬಂದವರಿಗೂ ಗೊತ್ತಾಗಲಿ.”