ಎಚ್ ಅಂದರೆ ಹೊಸಹೊಳಲು

ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೈಯಲ್ಲಿ ದೂರು ಬರೆದ ಕಾಗದ ಸಿದ್ಧವಾಗಿತ್ತು. ಹೆಸರು ಎಚ್. ಎಸ್. ನವ್ಯಾ, ವಯಸ್ಸು ಮೂವತ್ತನಾಲ್ಕು, ವಾಸ ವೇಲಚೇರಿ, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಹೆಡ್ ಕಾನ್‌ಸ್ಟೇಬಲ್ ಸಂಜೀವ ಕಾಗದ ತೆಗೆದುಕೊಂಡು ಎರಡು ಸಲ ಓದಿದ. ಅದರಲ್ಲಿ ಕಳ್ಳತನವಿರಲಿಲ್ಲ, ಹೊಡೆದಾಟವಿರಲಿಲ್ಲ. ಕುಟುಂಬ ನ್ಯಾಯಾಲಯದಿಂದ ತನ್ನ ಕೇಸಿನ ನಕಲು ಪ್ರತಿಯನ್ನು ತನ್ನ ಹೆಸರಿನಲ್ಲೇ ಬೇರೆ ಯಾರೋ ತೆಗೆದುಕೊಂಡು ಹೋಗಿದ್ದಾರೆ ಎಂದಿತ್ತು. ಕೋರ್ಟಿನ ಕಾಗದ ಸಿಗುತ್ತಿಲ್ಲವೆಂದು ಅಳುವವರನ್ನು ಸಂಜೀವ ತನ್ನ ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದ. ಸಿಕ್ಕಿಬಿಟ್ಟಿದೆ ಎಂದು ಅಳುವವರನ್ನು ಕಂಡದ್ದು ಇದೇ ಮೊದಲು.

"ಇದನ್ನ ಕೋರ್ಟಲ್ಲೇ ಕೇಳಿದ್ರೆ ಮುಗೀತಲ್ಲಮ್ಮಾ. ಇಲ್ಲಿ ಯಾಕೆ ಸುಮ್ನೆ ವೀಣ್ ಅಲೆದಾಟ?" ಎಂದ.

ಸಂಜೀವ ಪೆರಂಬೂರಿನವನು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ಕಾರಣ ಅಲ್ಲೇ ಹುಟ್ಟಿ ಅಲ್ಲೇ ಬೆಳೆದ. ಅವನ ಕನ್ನಡಕ್ಕೆ ಅರ್ಧ ತಮಿಳೇ ಆಧಾರ.

"ಅವರನ್ನ ಒಳಗೆ ಕಳಿಸಿ, ಸಂಜೀವ," ಎಂದು ಒಳಗಿನಿಂದ ಇನ್‌ಸ್ಪೆಕ್ಟರ್ ನೀರಜಾ ಅವರ ದನಿ ಬಂತು.

ನೀರಜಾ ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿದ ಕನ್ನಡದ ವೈಷ್ಣವ ಮನೆತನದವರು. ಮನೆಯ ಹೆಣ್ಣುಮಗಳು ಖಾಕಿ ತೊಟ್ಟಳೆಂದು ಅವರ ಅಜ್ಜಿ ಒಂದು ತಿಂಗಳು ಮಾತು ಬಿಟ್ಟಿದ್ದರಂತೆ. ಆಮೇಲೆ ಕೇರಿಯವರ ಪಂಚಾಯಿತಿಗೆಲ್ಲ ಅದೇ ಅಜ್ಜಿ "ನಮ್ಮ ನೀರಜಾನ್ನ ಕೇಳಿ" ಅನ್ನತೊಡಗಿದರು. ಅಜ್ಜಿಗೆ ಬಂದ ಆ ಬುದ್ಧಿ ಸಂಜೀವನಿಗೆ ಆರು ತಿಂಗಳ ಹಿಂದೆ, ಅವರ ಕೈಕೆಳಗೆ ಬಂದ ಮೊದಲ ವಾರವೇ ಬಂದಿತ್ತು.

"ಯಾವ ಕೇಸು?" ನೀರಜಾ ಕೇಳಿದರು.

"ಡೈವೋರ್ಸು. ಮುಗಿದು ಐದು ವರ್ಷ ಆಯ್ತು ಮೇಡಂ. ಮಗಳು ನನ್ನ ಹತ್ರ ಇದಾಳೆ."

"ಈಗ ಕೋರ್ಟಿಗೆ ಹೋಗಿದ್ದು ಯಾಕೆ?"

"ಮಗಳ ಪಾಸ್‌ಪೋರ್ಟಿಗೆ ಆರ್ಡರ್ ಕಾಪಿ ಬೇಕಿತ್ತು. ಕೌಂಟರಿನಲ್ಲಿದ್ದೋರು, ಜನವರಿಯಲ್ಲೇ ತಗೊಂಡ್ರಲ್ಲ, ಮತ್ತೆ ಯಾಕೆ ಅಂದ್ರು."

"ಜನವರಿಯಲ್ಲಿ ಏನೇನು ಕೊಟ್ಟಿದ್ರಂತೆ?"

"ಆರ್ಡರು. ಮತ್ತೆ..." ನವ್ಯಾ ತಿರುಗಿ ಬಾಗಿಲ ಕಡೆ ನೋಡಿದಳು. "ನನ್ನ ಸಾಕ್ಷಿ ಹೇಳಿಕೆ. ಬಾಗಿಲು ಹಾಕ್ಕೊಂಡು ಕೇಳಿದ್ದು ಅದನ್ನ. ಜಡ್ಜು, ಟೈಪಿಸ್ಟು, ವಕೀಲರು, ಅವನು, ನಾನು, ಅಷ್ಟೇ. ನಮ್ಮಮ್ಮನಿಗೂ ಹೇಳಿರಲಿಲ್ಲ. ಈಗ ಯಾರ ಕೈಲಿದೆಯೋ. ಯಾರೋ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿಬಿಟ್ರೆ? ನನ್ನ ಮಗಳು ದೊಡ್ಡೋಳಾಗಿ ಅದನ್ನ ಓದಬೇಕಾ ಮೇಡಂ?"

ನೀರಜಾ ದೂರಿನ ಕಾಗದವನ್ನು ಸಂಜೀವನ ಕೈಗಿಟ್ಟರು. ಆಮೇಲೆ, "ಎಫ್‌ಐಆರ್ ಹಾಕಿ, ಸಂಜೀವ," ಎಂದರು. ಬೇರೆಯವರ ಸೋಗಿನಲ್ಲಿ ವಂಚನೆ, ಖೋಟಾ ಸಹಿ ಎಂದು ಪ್ರಕರಣ ದಾಖಲಾಯಿತು.

ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಅನುಮತಿ ಪತ್ರ ಹಿಡಿದು ಕೋರ್ಟಿನ ದಾಖಲೆ ವಿಭಾಗಕ್ಕೆ ಹೋದರು. ಅಲ್ಲಿನ ಗುಮಾಸ್ತ ತಿರುಮಲ ನಿಯಮ ವಿವರಿಸಿದ. ಕೌಟುಂಬಿಕ ಕೇಸಿನ ಕಾಗದವನ್ನು ಕಂಡಕಂಡವರಿಗೆ ಕೊಡುವುದಿಲ್ಲ. ಗಂಡ ಕೇಳಬಹುದು, ಹೆಂಡತಿ ಕೇಳಬಹುದು. ಕೇಸು ನಂಬರು ಬರೆದು, ಸ್ಟಾಂಪು ಹಚ್ಚಿ, ಗುರುತಿನ ಚೀಟಿಯ ಜೆರಾಕ್ಸ್ ಇಟ್ಟು ಅರ್ಜಿ ಕೊಟ್ಟರೆ ನಕಲು ಸಿಗುತ್ತದೆ. ಮೂರನೆಯವರಾದರೆ ಪ್ರಮಾಣಪತ್ರ ಹಾಕಿ ಜಡ್ಜ್ ಅಪ್ಪಣೆ ಪಡೆಯಬೇಕು. ಜನವರಿಯ ಅರ್ಜಿಯಲ್ಲಿ ನವ್ಯಾಳ ಸಹಿಯಿತ್ತು, ಆಧಾರ್ ಪ್ರತಿಯಿತ್ತು. ತನಗೆ ಹುಷಾರಿಲ್ಲ, ಪ್ರತಿಯನ್ನು ತನ್ನ ತಾಯಿಯ ಕೈಗೆ ಕೊಡಿ ಎಂಬ ಪತ್ರವೂ ಇತ್ತು.

ತಿರುಮಲ ಕಡತದ ಕಟ್ಟನ್ನು ಮೇಜಿನ ಮೇಲಿಟ್ಟ. ಸಂಜೀವನ ಕೈ ತಾನಾಗಿಯೇ ಅದರ ದಾರಕ್ಕೆ ಹೋಯಿತು.

"ಆ ಹೇಳಿಕೇನ ಒಂದ್ಸಲ ನೋಡಿದ್ರೆ, ಅದು ಯಾರಿಗೆ ಬೇಕಾಗಿತ್ತು ಅಂತ ತೆರಿಯುತ್ತೆ ಮೇಡಂ."

"ಯಾರು ಓದಿಬಿಟ್ರೋ ಅಂತ ಆಕೆ ಅಳ್ತಿದಾಳೆ. ಆ ಸಾಲಲ್ಲಿ ನಾವೂ ನಿಲ್ಲಬೇಕಾ? ಅರ್ಜಿ ಒಂದು ಸಾಕು ನಮಗೆ."

ಸಂಜೀವನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಇಂಥವರ ಜೊತೆ ಕೆಲಸ ಮಾಡುತ್ತಿದ್ದೇನಲ್ಲ ಎಂದು ಹೆಮ್ಮೆಯೂ ಆಯಿತು. ಕಡತದ ದಾರ ಬಿಚ್ಚದೆ, ಅರ್ಜಿ ಮತ್ತು ಪತ್ರವನ್ನಷ್ಟೇ ಪಂಚನಾಮೆ ಬರೆದು ವಶಕ್ಕೆ ತೆಗೆದುಕೊಂಡರು.

ಫೋನಿನಲ್ಲಿ ವಿಚಾರಿಸಿದಾಗ ನವ್ಯಾ ಹೇಳಿದಳು, "ನಮ್ಮಮ್ಮ ತೀರಿಕೊಂಡು ನಾಲ್ಕು ವರ್ಷ ಆಯ್ತು ಮೇಡಂ."

ಅಲ್ಲಿಗೆ ಸಂಜೀವನ ತಲೆಯಲ್ಲಿ ಕೇಸು ಮುಗಿದೇಹೋಯಿತು. ಮಾಜಿ ಗಂಡ ಮೋಹನ್ ಯಾರೋ ಹೆಂಗಸಿಗೆ ತಾಯಿಯ ಪಾರ್ಟು ಕೊಟ್ಟು ಕಳಿಸಿದ್ದಾನೆ. ನಾಳೆ ಕರೆದು ನಾಲ್ಕು ಗದರಿದರೆ ಎಲ್ಲ ಹೊರಗೆ ಬೀಳುತ್ತದೆ. ರಾತ್ರಿ ಮನೆಯಲ್ಲಿ ಹೆಂಡತಿಗೂ ಹಾಗೆಂದೇ ಹೇಳಿಕೊಂಡ.

ಮೋಹನ್ ಮರುದಿನ ಬಂದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. ವಡಪಳನಿಯಲ್ಲಿ ತಾಯಿಯ ಜೊತೆ ವಾಸ.

"ಜನವರಿಯಲ್ಲಿ ಕೋರ್ಟಿಗೆ ಯಾರನ್ನ ಕಳಿಸಿದ್ರಿ?" ನೀರಜಾ ಕೇಳಿದರು.

"ಯಾರನ್ನೂ ಇಲ್ಲ. ನಾನು ಕೇಸಿನ ಪಾರ್ಟಿ ಮೇಡಂ. ನನಗೆ ಬೇಕಂದ್ರೆ ನನ್ನ ಹೆಸರಲ್ಲೇ ಸಿಗುತ್ತೆ. ಆಗಲೇ ವಕೀಲರ ಹತ್ರ ಒಂದು ಸೆಟ್ ಇದೆ."

"ಅದನ್ನ ಯಾರಿಗಾದ್ರೂ ತೋರಿಸಿದ್ರಾ?"

"ತೋರಿಸೋದಾ? ಮುಂದಿನ ತಿಂಗಳು ನನ್ನ ಎರಡನೇ ಮದುವೆ. ಆ ಹಳೇ ಕಥೆ ಹೊರಗೆ ಬರಬಾರದು ಅಂತ ದೇವರಿಗೆ ಕೈ ಮುಗೀತಿರೋನು ನಾನು."

ಅವನು ಹೋದ ಮೇಲೆ ಸಂಜೀವ ಸಪ್ಪಗಾದ. "ಪೊಯ್ ಹೇಳ್ತಿದಾನಾ ಮೇಡಂ?"

"ಇದರಲ್ಲಿ ಸುಳ್ಳಿಲ್ಲ. ನೇರವಾಗಿ ತಗೋಬಹುದಾದ್ದಕ್ಕೆ ಖೋಟಾ ಸಹಿ ಯಾರು ಹಾಕ್ತಾರೆ? ಇದು ಕೇಳೋಕೆ ಹಕ್ಕಿಲ್ಲದೋರ ಕೆಲಸ." ನೀರಜಾ ಅರ್ಜಿಯನ್ನು ಮುಂದೆಳೆದುಕೊಂಡರು. "ಪೂರ್ತಿ ಹೆಸರು ಅನ್ನೋ ಕಡೆ ಏನಿದೆ, ಓದಿ."

ಇಂಗ್ಲಿಷಿನಲ್ಲಿ ಟೈಪಾಗಿತ್ತು. "ಹೊಸಹೊಳಲು ಸಿದ್ದರಾಮು ನವ್ಯಾ," ಎಂದು ಓದಿದ ಸಂಜೀವ ತಲೆ ಕೆರೆದುಕೊಂಡ. "ಸಿದ್ದರಾಮು ಅಪ್ಪ. ಹೊಸಹೊಳಲು ಅಂದ್ರೆ ತಾತನ ಪೇರಾ? ಇಂಥ ಪೇರು ಯಾರಾದ್ರೂ ಇಡ್ತಾರಾ ಮೇಡಂ?"

ನೀರಜಾ ನಕ್ಕೇಬಿಟ್ಟರು. ಸಂಜೀವನ ತಪ್ಪೇನೂ ಇರಲಿಲ್ಲ. ಈ ತಮಿಳು ಊರಿನಲ್ಲಿ ಇನಿಷಿಯಲ್ ಅಂದರೆ ಅಪ್ಪನ ಹೆಸರು, ಅಲ್ಲಿಗೆ ಲೆಕ್ಕ ಮುಗಿಯಿತು.

"ಮೈಸೂರು ಕಡೆಯೋರಿಗೆ ಮೊದಲನೇದು ಊರು, ಎರಡನೇದು ಅಪ್ಪ. ಆಧಾರಿನಲ್ಲಿ ಬರೀ ಎಚ್. ಎಸ್. ನವ್ಯಾ ಅಂತಿದೆ. ಕೇಸಿನ ಶೀರ್ಷಿಕೆಯಲ್ಲೂ ಅಷ್ಟೇ, ತಿರುಮಲನ್ನ ಕೇಳಿದೆ. ಹಾಗಿದ್ರೆ ಎಚ್ ಅಂದ್ರೆ ಏನು ಅಂತ ಇದನ್ನ ಬರೆಸಿದೋರಿಗೆ ಯಾರು ಹೇಳಿದ್ರು?"

ಸಂಜೀವ ಅರ್ಜಿಯನ್ನು ಹಿಡಿದು ಕೋರ್ಟಿನ ಗೇಟಿನ ಬಳಿಯ ಟೈಪಿಂಗ್ ಅಂಗಡಿಗಳನ್ನೆಲ್ಲ ಅಲೆದ. ಐದನೆಯ ಅಂಗಡಿಯವನು ಕಾಗದ ನೋಡಿ ಗುರುತು ಹಿಡಿದ. "ನಾನೇ ಟೈಪ್ ಅಡಿಚದ್ದು ಸಾರ್. ಒಂದು ವಯಸ್ಸಾದ ಅಮ್ಮ. ಇನಿಷಿಯಲ್ ಬಿಡಿಸಿ ಹೇಳಿ ಅಂದೆ, ಹೇಳಿದ್ರು." ಮುಖ ಮಾತ್ರ ಅವನಿಗೆ ನೆನಪಿರಲಿಲ್ಲ.

ಸಂಜೆ ನವ್ಯಾಳನ್ನು ಠಾಣೆಗೆ ಕರೆಸಿ ಅರ್ಜಿ ತೋರಿಸಿದರು. ಅವಳು ಹೆಸರಿನ ಮೇಲೆ ಬೆರಳಿಟ್ಟು ಹಾಗೇ ಕೂತಳು.

"ನಿಮ್ಮ ಊರು ಗೊತ್ತಿರೋರು ಯಾರ್ಯಾರು ಇದಾರೆ?" ನೀರಜಾ ಕೇಳಿದರು.

"ಇದು ನಮ್ಮೂರಲ್ಲ ಮೇಡಂ. ಎಚ್ ಅಂದ್ರೆ ಹುಲ್ಲಹಳ್ಳಿ. ಹೊಸಹೊಳಲು ನಮ್ಮಮ್ಮನ ತವರು. ಮದುವೆ ಮಾತುಕತೆ ಅಲ್ಲಿ ನಡೀತು, ಅದಕ್ಕೆ ಒಬ್ಬರು ನನ್ನನ್ನ ಹೊಸಹೊಳಲು ಹುಡುಗಿ ಅಂತಾನೇ ಕರೀತಿದ್ರು. ಎಷ್ಟು ಸಲ ತಿದ್ದಿದ್ರೂ ಅಷ್ಟೇ. ಇಡೀ ಪ್ರಪಂಚದಲ್ಲಿ ಅವರೊಬ್ಬರೇ."

"ಯಾರು?"

"ನಮ್ಮತ್ತೆ. ಮೋಹನ್ ತಾಯಿ, ಪ್ರೇಮಮ್ಮ."

ಎರಡು ದಿನದ ತನಿಖೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಅಕ್ಷರ! ಸಂಜೀವನಿಗೆ ಎದ್ದು ಸೆಲ್ಯೂಟ್ ಹೊಡೆಯಬೇಕೆನಿಸಿತು. ನೀರಜಾ ಮಾತ್ರ ಆಗಲೇ ಮುಂದಿನ ಕೆಲಸ ಹೇಳುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವ ಹಾಗಿಲ್ಲ, ಬೆಳಿಗ್ಗೆ ಹೋಗೋಣ, ಮಹಿಳಾ ಕಾನ್‌ಸ್ಟೇಬಲ್ ಶ್ರೀಪ್ರಿಯಾ ಜೊತೆಗಿರಲಿ ಎಂದರು.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ವಡಪಳನಿಯ ಮನೆಯ ಬಾಗಿಲು ತೆರೆದ ಪ್ರೇಮಮ್ಮನ ಕೈಗೆಲ್ಲ ಹುಣಸೆಹಣ್ಣು ಮೆತ್ತಿತ್ತು. ಮಗ ಆಫೀಸಿಗೆ ಹೋಗಿದ್ದ. ಖಾಕಿ ನೋಡಿ ಆಕೆ ಗಾಬರಿಯಾಗಲಿಲ್ಲ.

"ಬಂದ್ರಾ? ಕೂತ್ಕೊಳ್ಳಿ, ಕೈ ತೊಳೆದು ಬರ್ತೀನಿ."

"ಅಮ್ಮ, ನಾವು ಬಂದಿದ್ದು..."

"ಗೊತ್ತು ಕಣಮ್ಮ. ನಿನ್ನೆ ಠಾಣೆಗೆ ಕರೆಸಿದ್ರು ಅಂತ ಮಗ ಹೇಳಿದ."

ದೇವರ ಗೂಡಿನಿಂದ ಒಂದು ಕಂದು ಲಕೋಟೆ ತಂದು ನೀರಜಾ ಅವರ ಮುಂದಿಟ್ಟರು. ಅದರ ಬಾಯಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿತ್ತು. ಅಗುಳು ಒಣಗಿ ಗಟ್ಟಿಯಾಗಿತ್ತು. ತೆರೆದ ಗುರುತೇ ಇರಲಿಲ್ಲ.

"ಇದನ್ನ ಓದಿದ್ರಾ?"

"ನನಗೆ ಇಂಗ್ಲಿಷ್ ಎಲ್ಲಿ ಬರುತ್ತೆ?"

"ಓದಿಸಿದ್ರಾ?"

"ಯಾರ ಹತ್ರ ಓದಿಸ್ಲಿ? ಓದಿದೋರಿಗೆಲ್ಲ ಆ ಹುಡುಗಿ ಹೇಳಿದ್ದು ಗೊತ್ತಾಗಿಬಿಡುತ್ತಲ್ಲ. ತಂದ ಮೇಲೆ ಹೊಳೀತು ನನಗೆ. ಅವತ್ತೇ ಅಂಟಿಸಿಬಿಟ್ಟೆ."

"ಮತ್ತೆ ತಂದಿದ್ದು ಯಾಕೆ?"

"ಇನ್ನೊಂದು ಹುಡುಗಿ ಬರ್ತಾ ಇದಾಳಲ್ಲಮ್ಮ ಈ ಮನೆಗೆ. ಕೇಸು ನಡೆದಾಗ ನಾನು ಆ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಏನು ಹೇಳಿದ್ಲು ಅಂತ ಮಗನ್ನ ಕೇಳಿದ್ರೆ, ಬರೀ ಸುಳ್ಳು ಅಂದ. ಕೋರ್ಟಲ್ಲಿ ವಿಚಾರಿಸಿದೆ. ಅತ್ತೆ ಅಂದ್ರೆ ಕೊಡಲ್ಲ ಅಂದ್ರು. ಅದಕ್ಕೇ ತಾಯಿ ಅಂದೆ." ನವ್ಯಾಳ ಹಳೆಯ ಆಧಾರ್ ಜೆರಾಕ್ಸ್ ಮನೆಯಲ್ಲೇ ಉಳಿದಿತ್ತು, ಮದುವೆಗೆ ಉಡುಗೊರೆ ಬಂದ ಪುಸ್ತಕದೊಳಗಿನ ಅವಳ ಸಹಿ ನೋಡಿ ಒಂದೊಂದೇ ಅಕ್ಷರ ಬರೆದದ್ದಾಗಿ ಆಕೆಯೇ ಹೇಳಿದರು.

ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಬರೆದರು. ಲಕೋಟೆಗೆ ಠಾಣೆಯ ಸೀಲು ಬಿತ್ತು. ಮೊಹರು ಒತ್ತುವಾಗ ಸಂಜೀವನಿಗೆ ಆ ಅನ್ನದ ಅಗುಳಿನ ಮೇಲೆ ಕೈಯಿಡಲು ಒಂಥರಾ ಭಕ್ತಿಯಾಯಿತು.

ಪ್ರೇಮಮ್ಮನನ್ನು ಕರೆದುಕೊಂಡು ಬಂದಾಗ ಠಾಣೆಯಲ್ಲಿ ನವ್ಯಾ ಕಾದಿದ್ದಳು. ನೀರಜಾ ಲಕೋಟೆಯ ಅಂಟು ತೋರಿಸಿದರು. "ಯಾರೂ ಓದಿಲ್ಲ. ನಾವೂ ಓದಿಲ್ಲ."

ನವ್ಯಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಮೂರು ದಿನದ ಅಳು ಒಮ್ಮೆಗೇ ಬಂತು. ಅಳು ನಿಂತ ಮೇಲೆ ಬೆಂಚಿನ ತುದಿಯಲ್ಲಿ ಕೂತಿದ್ದ ಪ್ರೇಮಮ್ಮನನ್ನು ನೋಡಿದಳು.

"ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿರಲಿಲ್ವಾ ಅತ್ತೆ?"

"ಕೇಳೋಕೆ ಮುಖ ಎಲ್ಲಿತ್ತು ನನಗೆ? ನಿಮ್ಮ ರೂಮಿಂದ ಸದ್ದು ಬಂದಾಗೆಲ್ಲ ಟೀವಿ ಜೋರು ಮಾಡ್ತಿದ್ದೋಳು ನಾನು."

ನವ್ಯಾ ಎದ್ದು ಹೋಗಿ ಆಕೆಯ ಪಕ್ಕ ಕೂತಳು. "ಅದು ಇಂಗ್ಲಿಷಿನಲ್ಲಿದೆ ಅತ್ತೆ. ನಾನು ಹೇಳಿದ್ದು ಕನ್ನಡದಲ್ಲಿ. ಈಗ ಕೇಳಿಸ್ಕೋತೀರಾ?"

ನೀರಜಾ ತಮ್ಮ ಕೋಣೆಯನ್ನು ಅವರಿಬ್ಬರಿಗೆ ಬಿಟ್ಟುಕೊಟ್ಟರು. ಬಾಗಿಲು ಹಾಕಿ, ತಾವೇ ಹೊರಗೆ ಬೆನ್ನು ಕೊಟ್ಟು ನಿಂತರು. ಯಾರೋ ದೂರು ಕೊಡಲು ಬಂದವರನ್ನು ಸಂಜೀವ ಪಿಸುಮಾತಿನಲ್ಲೇ ವಿಚಾರಿಸಿದ.

ಹೊರಗೆ ಬಂದಾಗ ಪ್ರೇಮಮ್ಮನ ಕಣ್ಣು ಊದಿತ್ತು, ನಡಿಗೆ ಮಾತ್ರ ನೆಟ್ಟಗಿತ್ತು. ಫೋನ್ ಕೇಳಿ ಪಡೆದು ಹೊಸ ಬೀಗರಾಗಬೇಕಿದ್ದವರಿಗೆ ಮಾಡಿದರು. "ನಾನು ಮೋಹನನ ತಾಯಿ. ನಿಮ್ಮ ಹುಡುಗೀನ ನಮ್ಮ ಮನೆಗೆ ಕೊಡಬೇಡಿ. ಯಾಕೆ ಅಂತ ಕೇಳಬೇಡಿ, ಅದು ಹೇಳೋ ಮಾತಲ್ಲ. ಹೆತ್ತೋಳೇ ಬೇಡ ಅಂತಿದೀನಿ, ಅಷ್ಟು ಸಾಕಲ್ವಾ?" ನವ್ಯಾಳ ಹೆಸರೇ ಎತ್ತಲಿಲ್ಲ.

"ಮೇಡಂ, ಕಂಪ್ಲೇಂಟ್ ವಾಪಸ್ ತಗೋತೀನಿ," ಎಂದಳು ನವ್ಯಾ.

"ಎಫ್‌ಐಆರ್ ಹರಿಯೋಕಾಗಲ್ಲ. ರಾಜಿ ಮಾತು ಮ್ಯಾಜಿಸ್ಟ್ರೇಟ್ ಮುಂದೆ ಹೇಳಿ."

"ಬರ್ಕೊಳ್ಳಮ್ಮ," ಎಂದರು ಪ್ರೇಮಮ್ಮ. "ಸುಳ್ಳು ಸಹಿ ಹಾಕಿದ್ದು ಹೌದಲ್ಲ."

ಮಧ್ಯಾಹ್ನ ಎರಡು ಗಂಟೆಗೆ ಬಂಧನದ ಕಾಗದ ಸಿದ್ಧವಾಯಿತು. ಜಾಮೀನು ಸಿಗುವ ಅಪರಾಧ, ಸಂಜೆಯೊಳಗೆ ಮನೆಗೆ ಹೋಗಬಹುದು. ಬಂಧನದ ಸುದ್ದಿಯನ್ನು ಹತ್ತಿರದವರೊಬ್ಬರಿಗೆ ತಿಳಿಸಬೇಕು. ಸಂಜೀವ ಮೋಹನನಿಗೆ ಫೋನು ಮಾಡಿದ. ಬೀಗರ ಕಡೆಯಿಂದ ಆಗಲೇ ಸುದ್ದಿ ಮುಟ್ಟಿತ್ತೇನೋ, ತನಗೂ ಆಕೆಗೂ ಸಂಬಂಧವಿಲ್ಲವೆಂದು ಅವನು ಕಟ್ ಮಾಡಿದ.

"ನನ್ನ ಹೆಸರು ಬರ್ಕೊಳ್ಳಿ," ಎಂದಳು ನವ್ಯಾ. "ಜಾಮೀನೂ ನಾನೇ ಕೊಡ್ತೀನಿ."

ಸಂಜೀವ ಪೆನ್ನು ಹಿಡಿದು ನಿಂತ. ದೂರು ಕೊಟ್ಟವಳೇ ಜಾಮೀನು ನಿಂತದ್ದನ್ನು ಅವನು ಎಲ್ಲೂ ಕಂಡಿರಲಿಲ್ಲ. "ಸಂಬಂಧ ಏನಂತ ಹಾಕಲಿ?"

"ಮಗಳು."

ಸಂಜೀವ ನೀರಜಾ ಅವರ ಮುಖ ನೋಡಿದ. "ಹೇಳಿದ್ದು ಬರೀರಿ," ಎಂದರು ಅವರು.

ಬರೆದ. ಅಭ್ಯಾಸಬಲದಿಂದ, "ಇನಿಷಿಯಲ್ ಬಿಡಿಸಿ ಹೇಳಿ. ಎಚ್ ಅಂದ್ರೆ?" ಎಂದ.

ನವ್ಯಾ ಬಾಯಿ ತೆರೆಯುವ ಮೊದಲೇ ಪ್ರೇಮಮ್ಮ ಹೇಳಿದರು, "ಹುಲ್ಲಹಳ್ಳಿ."

ಅಂದು ಸಂಜೆ ಸಂಜೀವ ಕೇಸ್ ಡೈರಿ ತುಂಬಿದ. ಆರೋಪಿಗೆ ಯಾವ ಲಾಭವೂ ಆಗಿಲ್ಲ, ದಾಖಲೆಯನ್ನು ಯಾರೂ ಓದಿಲ್ಲ. ಕೃತ್ಯಕ್ಕೆ ಕಾರಣ ಎಂಬಲ್ಲಿ ಬಹಳ ಹೊತ್ತು ಯೋಚಿಸಿ ಒಂದೇ ಸಾಲು ಬರೆದ: ಹಿಂದೆ ಕೇಳಿಸಿಕೊಳ್ಳದೆ ಹೋದದ್ದನ್ನು ಈಗ ತಿಳಿಯುವುದಕ್ಕಾಗಿ. ನೀರಜಾ ಓದಿ, ಏನನ್ನೂ ತಿದ್ದದೆ ಸಹಿ ಹಾಕಿದರು.