ಮೊದಲ ಗ್ಲಾಸು

ಜನವರಿ ಎಂಟರ ಮಧ್ಯಾಹ್ನ ಮೂರು ಗಂಟೆಗೆ ಕಾಳಮ್ಮ ಠಾಣೆಗೆ ಬಂದಳು. ಕುಶಾಲನಗರದಿಂದ ಮಡಿಕೇರಿಗೆ ಹೋಗುವ ರಸ್ತೆಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳಿಗೆ ಕೊಟ್ಟ ಲೈನ್ ಮನೆಯವಳು. ಗಂಡ ಕೆಂಚನನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿ ನೇರವಾಗಿ ಇಲ್ಲಿಗೇ ಬಂದಿದ್ದಳು.

"ಕಣ್ಣು ಕಾಣ್ತಿಲ್ಲ ಅವ್ನಿಗೆ. ಎಲ್ಲಾ ಬೆಳ್ಳಗೆ ಮಂಜು ಅಂತಾನೆ."

ಪಿಎಸ್‌ಐ ಭವ್ಯಶ್ರೀ ಪೆನ್ನು ಕೆಳಗಿಟ್ಟರು. "ಏನು ಕುಡಿದಿದ್ದ?"

"ಪ್ಯಾಕೆಟ್ಟು. ನಿನ್ನೆ ಸಂಜೆ."

"ಎಲ್ಲಿಂದ ತಂದ?"

"ಪ್ಯಾಟೆ ಬ್ರಾಂಡಿ ಅಂಗಡಿಯಿಂದ." ಕಾಳಮ್ಮ ನೆಲ ನೋಡುತ್ತಾ ಹೇಳಿದಳು.

ಅಷ್ಟರಲ್ಲಿ ವೈದ್ಯರ ಫೋನ್ ಬಂತು. ಇದು ಮೆಥನಾಲ್ ವಿಷದ ಲಕ್ಷಣ. ಕುಡಿದವರಿಗೆ ಮಾರನೆಯ ದಿನದವರೆಗೂ ಏನೂ ಗೊತ್ತಾಗದೆ ಇರಬಹುದು, ಬೇರೆ ಯಾರು ಕುಡಿದಿದ್ದಾರೋ ಬೇಗ ಹುಡುಕಿ ಎಂದರು. ಭವ್ಯಶ್ರೀ ಎದ್ದರು. ಎಫ್‌ಐಆರ್ ದಾಖಲಿಸಲು ಹೇಳಿ, ಹೆಡ್ ಕಾನ್‌ಸ್ಟೇಬಲ್ ದೇರಪ್ಪ ಮತ್ತು ಕಾಳಮ್ಮನನ್ನು ಜೀಪಿಗೆ ಹತ್ತಿಸಿಕೊಂಡು ಹೊರಟರು.

ಅಂಗಡಿಯ ಮಹೇಶ್ ಗಾಬರಿಯಾದ. "ಅಯ್ಯೋ, ಆ ಅಗ್ಗದ ಪ್ಯಾಕೆಟ್ ನಮ್ಮಲ್ಲಿ ಇಲ್ವೇ ಇಲ್ಲ ಮೇಡಂ. ರೇಟ್ ಏರಿದ ಮೇಲೆ ಕೊಳ್ಳೋರು ಕಡಿಮೆ ಆದ್ರು, ನಾವೂ ತರಿಸೋದು ಕಡಿಮೆ ಮಾಡಿದ್ವಿ. ಕ್ರಿಸ್‌ಮಸ್‌ನಿಂದ ಈಚೆಗೆ ಡಿಪೋದಿಂದಲೂ ಬರ್ತಿಲ್ಲ. ಟೂರಿಸ್ಟ್‌ಗಳು ಕುಡಿಯೋ ಬಿಯರು, ವಿಸ್ಕಿ ಬೇಕಾದಷ್ಟಿದೆ."

ಅಬಕಾರಿ ಇನ್ಸ್‌ಪೆಕ್ಟರ್ ಚೇತನ್‌ಕುಮಾರ್ ಫೋನಿನಲ್ಲಿ ಅದನ್ನೇ ಹೇಳಿದರು. ಅಗ್ಗದ ಮದ್ಯದ ಪೂರೈಕೆ ಒಂದು ವರ್ಷದಿಂದ ಇಳಿಯುತ್ತಲೇ ಇದೆ, ದುಬಾರಿಯದು ಏರುತ್ತಿದೆ. ಇಲಾಖೆಯ ವರದಿಯಲ್ಲಿ ಇದು ಒಳ್ಳೆಯ ಸುದ್ದಿ. ಕಾಗದದ ಮೇಲೆ ಬಡವರು ಕುಡಿತ ಬಿಟ್ಟಾಗಿತ್ತು. ಅವರು ಈಗ ಏನು ಕುಡಿಯುತ್ತಿದ್ದಾರೆ ಎಂದು ಕೇಳುವ ಉಸಾಬರಿ ಯಾರಿಗೂ ಬೇಕಿರಲಿಲ್ಲ.

ಭವ್ಯಶ್ರೀ ಜೀಪಿನಲ್ಲಿ ಹಿಂದಕ್ಕೆ ತಿರುಗಿದರು. "ಅಂಗಡೀಲಿ ಇಲ್ಲದ ಪ್ಯಾಕೆಟ್ ನಿನ್ನ ಗಂಡ ಹೇಗೆ ಕುಡಿದ ಕಾಳಮ್ಮ?"

"ಹೇಳಿದ್ರೆ ಲೈನ್ ಮನೆ ಬಿಡಿಸ್ತಾರೆ ಕಣವ್ವಾ."

"ಹೇಳದಿದ್ರೆ ಇನ್ನೆಷ್ಟು ಜನರ ಕಣ್ಣು ಹೋಗಬೇಕು?"

ಕಾಳಮ್ಮ ಅತ್ತುಬಿಟ್ಟಳು. "ಎಸ್ಟೇಟಲ್ಲಿ ಆಳು ಲೆಕ್ಕ ನೋಡೋ ರೈಟರ್ ಕರಿಬಸಪ್ಪೋರು ಕೊಟ್ರು."

ಹಣ್ಣು ಕೊಯ್ಯುವ ಕಾಲದಲ್ಲಿ ಆಳು ಸಿಗುವುದೇ ಕಷ್ಟ. ಸಂಜೆ ಕಣದಲ್ಲಿ ಕಾಫಿ ಹಣ್ಣಿನ ತೂಕ ಮುಗಿದ ಮೇಲೆ ಆ ಎಸ್ಟೇಟಿನಲ್ಲಿ ಆಳುಗಳಿಗೆ ಪ್ಯಾಕೆಟ್ ಕೊಡುವ ರೂಢಿಯಿತ್ತು. ಕೊಡದಿದ್ದರೆ ಬೆಳಿಗ್ಗೆ ಎಲ್ಲರೂ ಪಕ್ಕದ ಎಸ್ಟೇಟಿಗೆ. ಕುಡಿದರೆ ಏನೂ ಆಗದು ಎಂದು ನಂಬಿಸಲು ಮೊದಲ ಗ್ಲಾಸನ್ನು ರೈಟರ್ ಎಲ್ಲರೆದುರು ಕುಡಿದು ತೋರಿಸಬೇಕು. ಕೂಡಿಟ್ಟಿದ್ದ ಪ್ಯಾಕೆಟ್ ಮುಗಿಯುತ್ತ ಬಂದು ಹೊಸದು ಸಿಗದೆ ಹೋದಾಗ ಕರಿಬಸಪ್ಪ ಎಲ್ಲಿಂದಲೋ ಒಂದು ಕ್ಯಾನ್ ಸಾರಾಯಿ ತರಿಸಿದ್ದ. ಆದರೆ ಶಬರಿಮಲೆಗೆ ಮಾಲೆ ಹಾಕಿದ್ದ.

"ನಾನು ಮುಟ್ಟಂಗಿಲ್ಲ, ನೀನೇ ಕುಡಿದು ನೋಡು ಅಂತ ನಿನ್ನೆ ಇವ್ನಿಗೆ ಕೊಟ್ರು. ರಾತ್ರಿ ಚೆನ್ನಾಗೇ ಇದ್ದ. ಬೆಳಿಗ್ಗೆ ಕೆಲಸಕ್ಕೂ ಹೋದ. ಸರಿ ಐತೆ, ಇವತ್ತು ಎಲ್ರಿಗೂ ಕೊಡಣ ಅಂದ್ರು."

"ತೂಕ ಎಷ್ಟೊತ್ತಿಗೆ?"

"ಐದಕ್ಕೆ."

ಆಗಲೇ ನಾಲ್ಕೂವರೆ ದಾಟಿತ್ತು. ಕರಿಬಸಪ್ಪನ ಫೋನ್ ಹತ್ತಲಿಲ್ಲ, ಕಣದಲ್ಲಿ ನೆಟ್‌ವರ್ಕ್ ಇಲ್ಲ. ರಸ್ತೆಯಲ್ಲಿ ಟೂರಿಸ್ಟ್ ಕಾರುಗಳ ಸಾಲು. ದೇರಪ್ಪ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ಯಾರಾದರೂ ಕುಡಿದುಬಿಟ್ಟಿದ್ದರೆ? ಭವ್ಯಶ್ರೀಗೆ ಬೇರೇನೂ ತೋಚುತ್ತಿರಲಿಲ್ಲ.

ಕಣದಲ್ಲಿ ತೂಕ ಮುಗಿದಿತ್ತು. ಸಿಮೆಂಟ್ ಕಟ್ಟೆಯ ಮೇಲೆ ಸ್ಟೀಲ್ ಗ್ಲಾಸುಗಳು ತುಂಬಿ ನಿಂತಿದ್ದವು. ಮಿಲನ್ ಎಂಬ ಆಳು ಮೊದಲ ಗ್ಲಾಸನ್ನು ಬಾಯಿಯ ಹತ್ತಿರ ತಂದಿದ್ದ.

"ಕುಡೀಬೇಡಾ!" ದೇರಪ್ಪ ಓಡಿಹೋಗಿ ಅದನ್ನು ಹೊಡೆದು ಕೆಡವಿದರು.

ಭವ್ಯಶ್ರೀ ಒಬ್ಬೊಬ್ಬರನ್ನೇ ವಿಚಾರಿಸಿದರು. ಯಾರೂ ಕುಡಿದಿರಲಿಲ್ಲ. ಅವರು ಕರಿಬಸಪ್ಪನ ಕಡೆ ತಿರುಗಿದರು.

"ಕೆಂಚನಿಗೆ ಹೀಗಾಗಿದ್ದು ಗೊತ್ತಿತ್ತಾ?"

"ಮಧ್ಯಾಹ್ನ ಗೊತ್ತಾಯ್ತು," ಎಂದ ಕರಿಬಸಪ್ಪ. "ಖಾಲಿ ಹೊಟ್ಟೇಲಿ ಕುಡಿದಿದ್ದಕ್ಕೆ ಅಂದ್ಕೊಂಡೆ."

"ಹಾಗಂತ ನಂಬಿದ್ರಾ?"

ಅವನು ತೋಟದ ಕಡೆ ಕೈ ತೋರಿಸಿದ. "ಗಿಡದಲ್ಲಿ ಹಣ್ಣು ಉದುರ್ತಿದೆ ಮೇಡಂ. ಇವತ್ತು ಕೊಡದಿದ್ರೆ ನಾಳೆ ಒಬ್ಬನೂ ಇರ್ತಿರಲಿಲ್ಲ. ಆಳು ಉಳಿಸ್ಕೊಳ್ಳೋಕಾಗದ ರೈಟರ್ ಯಾರಿಗೆ ಬೇಕು?"

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕ್ಯಾನಿಗೆ ಸೀಲು ಹಾಕಲಾಯಿತು. ಕ್ಯಾನ್ ಮಾರಿದವನ ಹೆಸರು ಸಿಕ್ಕಿ, ಕುಶಾಲನಗರಕ್ಕೆ ಒಂದು ತಂಡ ಹೊರಟಿತು. ಆರು ಗಂಟೆಗೆ ಕರಿಬಸಪ್ಪನನ್ನು ಬಂಧಿಸಿ ಜೀಪಿನ ಹಿಂದೆ ಕೂರಿಸಿ, ಕಾಳಮ್ಮನನ್ನು ಮುಂದಕ್ಕೆ ಕರೆದರು. ಅವನು ದುಡ್ಡಿಗೆ ಆಸೆಪಟ್ಟವನಲ್ಲ, ಕೆಂಚನ ಮೇಲೆ ಹಗೆಯೂ ಇರಲಿಲ್ಲ. ಆಳು ಬಿಟ್ಟುಹೋಗುತ್ತಾರೆಂಬ ಭಯ ಅವನನ್ನು ಇಲ್ಲಿಗೆ ತಂದಿತ್ತು.

ಆಸ್ಪತ್ರೆಯಿಂದ ಮತ್ತೆ ಫೋನ್ ಬಂತು. ಕೆಂಚ ಉಳಿದಿದ್ದಾನೆ, ದೃಷ್ಟಿ ಮರಳುವ ಭರವಸೆ ಇಲ್ಲ. ಭವ್ಯಶ್ರೀ ಅದನ್ನು ಕಾಳಮ್ಮನಿಗೆ ತಾವೇ ಹೇಳಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಜೀಪು ಗೇಟು ದಾಟುವಾಗ ಮಿಲನ್ ಮತ್ತು ಉಳಿದವರು ಬಟ್ಟೆಯ ಗಂಟು ಹೊತ್ತು ಪಕ್ಕದ ಎಸ್ಟೇಟಿನ ಕಡೆ ನಡೆಯುತ್ತಿದ್ದರು.

"ನೋಡಿದ್ರಾ ಮೇಡಂ?" ಎಂದ ಕರಿಬಸಪ್ಪ. "ನಾನು ಹೇಳಿದ್ನಲ್ಲ, ಎಲ್ಲಾ ಹೋದ್ರು."

ಮುಂದಿನ ಸೀಟಿನಲ್ಲಿದ್ದ ಕಾಳಮ್ಮ ತಿರುಗಿ ನೋಡದೆಯೇ ಹೇಳಿದಳು.

"ನಮ್ಮೋನು ಇನ್ನೆಲ್ಲಿಗೂ ಹೋಗಲ್ಲ ಬಿಡಿ ರೈಟ್ರೇ."